ಲ್ಯಾಪ್‌ಟಾಪ್ 0.39 ಗಿಗಾಹರ್ಟ್ಸ್‌ನಲ್ಲೇ ನಿಂತಿದೆ, ಮದರ್‌ಬೋರ್ಡ್ ಬದಲಿಸಲೇಬೇಕಾ?

ತೀರ್ಥಹಳ್ಳಿ ಮೇಷ್ಟ್ರು · ಶನಿವಾರ, ಸಂಜೆ 6.20

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಕಂಪ್ಯೂಟರಿನಲ್ಲಿ ಕೆಲಸ ಮಾಡಲು ಬರುತ್ತದೆ, ಅದರ ಒಳಗಿನದು ಅಷ್ಟಾಗಿ ಗೊತ್ತಿಲ್ಲ. ತಪ್ಪು ಬರೆದಿದ್ದರೆ ತಿದ್ದಿ.

2018ರಲ್ಲಿ ಕೊಂಡ ಲ್ಯಾಪ್‌ಟಾಪ್. ಇಂಟೆಲ್ ಐ5-8250ಯು ಪ್ರೊಸೆಸರ್, 8 ಜಿಬಿ ರ‍್ಯಾಮ್. ಹೋದ ವರ್ಷ ಎಸ್‌ಎಸ್‌ಡಿ ಹಾಕಿಸಿದ್ದೇನೆ. ವಿಂಡೋಸ್ 10. ಮೂರು ವಾರದ ಹಿಂದಿನವರೆಗೂ ಚೆನ್ನಾಗಿಯೇ ಇತ್ತು. ಈಗ ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಿದರೆ ಅಕ್ಷರ ಎರಡು ಸೆಕೆಂಡ್ ಬಿಟ್ಟು ಮೂಡುತ್ತದೆ. ಎಸ್‌ಎಟಿಎಸ್ ಎಂಬ ಶಾಲಾ ದಾಖಲೆಯ ಜಾಲತಾಣದಲ್ಲಿ ಮಕ್ಕಳ ವಿವರ ತುಂಬಲು ಕೂತರೆ ಒಂದೊಂದು ಪುಟಕ್ಕೂ ಕಾಯಬೇಕು. ಅದೇ ಇಂಟರ್ನೆಟ್‌ನಲ್ಲಿ ಫೋನ್ ಸರಾಗವಾಗಿ ಓಡುತ್ತದೆ. ಹಾಗಾಗಿ ತೊಂದರೆ ಲ್ಯಾಪ್‌ಟಾಪ್‌ನದ್ದೇ.

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ವೇಗ ಅಂತ ಇರುವಲ್ಲಿ 0.39 ಗಿಗಾಹರ್ಟ್ಸ್. ಏನು ಮಾಡಿದರೂ ಅದು ಮೇಲೆ ಹೋಗುವುದಿಲ್ಲ. ಬಿಲ್ಲಿನಲ್ಲಿ 1.60, ಟರ್ಬೋ (ಹೊರೆ ಬಿದ್ದಾಗ ಏರುವ ಗರಿಷ್ಠ ವೇಗ) 3.40 ಎಂದು ಬರೆದಿದೆ.

ಇಲ್ಲಿನ ಒಂದು ಅಂಗಡಿಗೆ ಕೊಟ್ಟಿದ್ದೆ. ಫಾರ್ಮ್ಯಾಟ್ ಮಾಡಿದರು, ಏನೂ ಬದಲಾಗಲಿಲ್ಲ. ಆಮೇಲೆ ಮದರ್‌ಬೋರ್ಡ್ ಹೋಗಿದೆ, 14,500 ಆಗುತ್ತದೆ ಎಂದರು. ಶಾಲೆ ಶುರುವಾಗುವ ಹೊತ್ತು, ಮಗಳ ಕಾಲೇಜು ಫೀಸೂ ಇದೇ ತಿಂಗಳು. ಅಷ್ಟು ದುಡ್ಡು ಹಾಕುವ ಮೊದಲು ತಿಳಿದವರನ್ನು ಒಂದು ಮಾತು ಕೇಳೋಣ ಎನಿಸಿತು.

ಕರಾವಳಿ ಕೋಡರ್ · ಶನಿವಾರ, ಸಂಜೆ 6.55

ಮೇಷ್ಟ್ರೇ, ನಮಸ್ಕಾರ. ಬಿಸಿ ಎಷ್ಟಿದೆ ನೋಡಿದಿರಾ? ನಿಮ್ಮ ಕಡೆ ಅಡಿಕೆ ಸುಲಿಯುವ ಧೂಳು, ಮಳೆಗಾಲದ ತೇವ ಎರಡೂ ಸೇರಿ ಫ್ಯಾನಿನ ಹಿಂದಿನ ಜಾಲರಿಯಲ್ಲಿ ಕಂಬಳಿಯಂತೆ ಕೂತಿರುತ್ತದೆ. ಗಾಳಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಎಚ್‌ಡಬ್ಲ್ಯೂಇನ್ಫೋ ಎಂಬ ಬಿಸಿ ಅಳೆಯುವ ತಂತ್ರಾಂಶ ಹಾಕಿಕೊಂಡು, ಹತ್ತು ನಿಮಿಷ ಕೆಲಸ ಮಾಡಿ, ಡಿಗ್ರಿ ಎಷ್ಟು ಬರುತ್ತದೆ ಹೇಳಿ.

ಬೋರ್ಡ್ ರಿಪೇರಿ, ಹುಬ್ಬಳ್ಳಿ · ಶನಿವಾರ, ರಾತ್ರಿ 8.10

ಸರ್, ದಯವಿಟ್ಟು ಈಗಲೇ ಬೋರ್ಡಿಗೆ ದುಡ್ಡು ಕೊಡಬೇಡಿ. ಹದಿನೈದು ವರ್ಷದಿಂದ ಬೋರ್ಡ್ ರಿಪೇರಿ ಮಾಡುತ್ತಿದ್ದೇನೆ. ಪ್ರೊಸೆಸರ್ ಕೆಟ್ಟರೆ ಹೆಚ್ಚಾಗಿ ಮಷೀನ್ ಆನ್ ಆಗುವುದೇ ಇಲ್ಲ, ಇಲ್ಲವೇ ನಡುವೆ ಹ್ಯಾಂಗ್ ಆಗುತ್ತದೆ, ನೀಲಿ ಪರದೆ ಬರುತ್ತದೆ. ಹೀಗೆ ಮೂರು ವಾರ ಒಂದೇ ಸಂಖ್ಯೆಯಲ್ಲಿ ಶಿಸ್ತಾಗಿ ಓಡುವುದಿಲ್ಲ. ಇದು ಕೆಟ್ಟ ಪ್ರೊಸೆಸರ್ ಅಲ್ಲ. ಯಾರೋ ಅದಕ್ಕೆ ನಿಧಾನ ಹೋಗು ಎಂದು ಹೇಳುತ್ತಿದ್ದಾರೆ. ಯಾರು ಹೇಳುತ್ತಿದ್ದಾರೆ ಎಂದು ಹುಡುಕಬೇಕು, ಅಷ್ಟೇ.

ಆ ಸಂಖ್ಯೆಯಲ್ಲೇ ಅರ್ಧ ಉತ್ತರ ಇದೆ. ಪ್ರೊಸೆಸರಿನ ವೇಗ ಅಂದರೆ 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರಕ್ಕೆ ಒಂದು ಗುಣಕ. ನಿಮ್ಮದರಲ್ಲಿ ಗುಣಕ 16 ಇದ್ದರೆ 1.6, 34 ಇದ್ದರೆ 3.4. ಅತಿ ಕೆಳಗಿನ ಗುಣಕ 4. ಅಂದರೆ 400 ಮೆಗಾಹರ್ಟ್ಸ್. ಮೂಲ ಗಡಿಯಾರ 100ಕ್ಕಿಂತ ಕೂದಲೆಳೆ ಕಡಿಮೆ ಇರುವುದರಿಂದ ನಿಮಗೆ 0.39 ಎಂದು ಕಾಣುತ್ತದೆ. ಅಂದರೆ ಅದು ಇಳಿಯಬಹುದಾದ ಕಡೆಯ ಮೆಟ್ಟಿಲಿಗೆ ಇಳಿದು ಕೂತಿದೆ.

ಬಿಸಿಯಿಂದ ಆಗಿದ್ದರೆ ಸಂಖ್ಯೆ ಕುಣಿಯುತ್ತಿತ್ತು. ಮೇಲೆ ಹೋಗುವುದು, ಬಿಸಿಯಾಗುವುದು, ಇಳಿಯುವುದು, ತಣ್ಣಗಾಗಿ ಮತ್ತೆ ಏರುವುದು. 1.6ರ ಆಸುಪಾಸಿನಲ್ಲಿ ನಿಂತಿದ್ದರೆ ಟರ್ಬೋ ಆಫ್ ಆಗಿದೆ ಎಂದು ಅನುಮಾನ ಪಡುತ್ತಿದ್ದೆ. ವಿಂಡೋಸ್‌ನ ಪವರ್ ಪ್ಲಾನಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಯಾರಾದರೂ 100ರಿಂದ 99ಕ್ಕೆ ಇಳಿಸಿದ್ದರೆ ಸಾಕು, ಟರ್ಬೋ ಪೂರ್ತಿ ನಿಲ್ಲುತ್ತದೆ. ಫ್ಯಾನ್ ಸದ್ದು ಕಡಿಮೆ ಮಾಡಲು ಬಹಳ ಜನ ಹಾಗೆ ಮಾಡಿ ಮರೆತುಬಿಡುತ್ತಾರೆ. ನಿಮ್ಮದು ಇವೆರಡೂ ಅಲ್ಲ ಎಂದು ನನ್ನ ಅಂದಾಜು. ಆದರೂ ಕರಾವಳಿ ಅಕ್ಕ ಹೇಳಿದಂತೆ ಬಿಸಿ ನೋಡಿ. ಅಂದಾಜಿಗಿಂತ ಅಳತೆ ಮೇಲು.

ಮಲ್ಲೇಶ್ವರಂ 90 · ಶನಿವಾರ, ರಾತ್ರಿ 8.40

ನನ್ನ ಲ್ಯಾಪ್‌ಟಾಪ್ ಕೂಡ ಸುಮ್ನೆ ಇಟ್ಟಾಗ 0.8 ತೋರಿಸುತ್ತದೆ. ಇದೂ ಅದೇ ತೊಂದರೆಯಾ? ಗಾಬರಿಯಾಯಿತು.

ಬೋರ್ಡ್ ರಿಪೇರಿ, ಹುಬ್ಬಳ್ಳಿ · ಶನಿವಾರ, ರಾತ್ರಿ 8.52

ಇಲ್ಲ ಸರ್. ಕೆಲಸ ಇಲ್ಲದಾಗ ವೇಗ ಇಳಿಸಿ ಕರೆಂಟ್ ಉಳಿಸುವುದು ಅದರ ಒಳ್ಳೆಯ ಗುಣ. ಒಂದು ವೀಡಿಯೊ ಹಾಕಿ, ನಾಲ್ಕು ಟ್ಯಾಬ್ ತೆರೆದು ನೋಡಿ. ಏರಿದರೆ ನಿಶ್ಚಿಂತೆಯಾಗಿರಿ.

ತೀರ್ಥಹಳ್ಳಿ ಮೇಷ್ಟ್ರು · ಭಾನುವಾರ, ಬೆಳಿಗ್ಗೆ 10.15

ಇಬ್ಬರಿಗೂ ಧನ್ಯವಾದ. ಅಳತೆ ಇಲ್ಲಿದೆ. ಹತ್ತು ನಿಮಿಷ ಕೆಲಸ ಮಾಡಿದ ಮೇಲೆ 52 ಡಿಗ್ರಿ. ವೇಗ 0.39. ಒಮ್ಮೆಯೂ ಕದಲಲಿಲ್ಲ. ಪವರ್ ಪ್ಲಾನಿನಲ್ಲಿ ಗರಿಷ್ಠ 100 ಎಂದೇ ಇದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿವಮೊಗ್ಗದಲ್ಲಿ ಇದೇ ಕೆಲಸ ಕಲಿಯುತ್ತಿದ್ದಾನೆ. ನಿನ್ನೆ ರಾತ್ರಿ ಊರಿಗೆ ಬಂದವನು ಬೆನ್ನು ಬಿಚ್ಚಿ ಫ್ಯಾನ್ ಸ್ವಚ್ಛ ಮಾಡಿ, ಪ್ರೊಸೆಸರಿನ ಶಾಖ ಸಾಗಿಸುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿಕೊಟ್ಟ. ಮೇಡಂ ಹೇಳಿದ್ದು ನಿಜ, ಜಾಲರಿಯಲ್ಲಿ ಧೂಳಿನ ಕಂಬಳಿಯೇ ಇತ್ತು. ಬಿಸಿ ಈಗ 44ಕ್ಕೆ ಇಳಿದಿದೆ. ವೇಗ ಮಾತ್ರ ಅದೇ 0.39.

ಇನ್ನೊಂದು ವಿಷಯ ಕೇಳಬೇಕು. ಬಿಲ್ಲಿನಲ್ಲಿ 1.60, ಟಾಸ್ಕ್ ಮ್ಯಾನೇಜರಿನಲ್ಲಿ ಬೇಸ್ ಸ್ಪೀಡ್ 1.80. ಇದರಲ್ಲಿ ಯಾವುದು ಸರಿ?

ಕರಾವಳಿ ಕೋಡರ್ · ಭಾನುವಾರ, ಬೆಳಿಗ್ಗೆ 10.50

44 ಡಿಗ್ರಿ ಅಂದರೆ ಬಿಸಿಯ ಮಾತೇ ಇಲ್ಲ. ಈ ಪ್ರೊಸೆಸರಿನ ಮಿತಿ 100 ಡಿಗ್ರಿ. ನನ್ನ ಅನುಮಾನ ತಪ್ಪಾಯಿತು. ಆದರೂ ಪೇಸ್ಟ್ ಹಚ್ಚಿಸಿದ್ದು ಮುಂದೆ ಉಪಯೋಗಕ್ಕೆ ಬರುತ್ತದೆ.

1.60, 1.80 ಎರಡೂ ಸರಿ ಮೇಷ್ಟ್ರೇ. ಇಂಟೆಲ್ ಈ ಚಿಪ್ಪನ್ನು 15 ವ್ಯಾಟ್‌ಗೆ 1.6 ಎಂದು ಮಾರಿದೆ. ಲ್ಯಾಪ್‌ಟಾಪ್ ಮಾಡುವವರು ತಂಪು ಮಾಡುವ ವ್ಯವಸ್ಥೆ ಚೆನ್ನಾಗಿ ಕೊಟ್ಟರೆ 25 ವ್ಯಾಟ್‌ಗೆ 1.8 ಎಂದು ಇಟ್ಟುಕೊಳ್ಳಬಹುದು. ತೆಳುವಾದ ಮಷೀನಿಗೆ 10 ವ್ಯಾಟ್, 800 ಮೆಗಾಹರ್ಟ್ಸ್ ಎಂದೂ ಇಳಿಸಬಹುದು. ವಿಂಡೋಸ್ ಆ 1.8ನ್ನು ತೋರಿಸುತ್ತಿದೆ.

ಬೋರ್ಡ್ ರಿಪೇರಿ, ಹುಬ್ಬಳ್ಳಿ · ಭಾನುವಾರ, ಮಧ್ಯಾಹ್ನ 12.30

ಸರ್, ಈಗ ಎರಡು ಕೆಲಸ ಮಾಡಿ.

ಮೊದಲು ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್ ಪ್ರೊಸೆಸರ್ ಪವರ್ ಎಂಬ ಹೆಸರಿನಲ್ಲಿ 37ನೇ ಸಂಖ್ಯೆಯ ಎಚ್ಚರಿಕೆ ಇದೆಯಾ ನೋಡಿ. ಪ್ರೊಸೆಸರಿನ ವೇಗವನ್ನು ಫರ್ಮ್‌ವೇರ್ (ಬೋರ್ಡಿನೊಳಗಿನ ತಂತ್ರಾಂಶ) ತಡೆದಿದೆ ಎಂಬ ಅರ್ಥದ ಸಾಲು ಇರುತ್ತದೆ. ಅದು ಇದ್ದರೆ ವಿಂಡೋಸ್‌ನದು ತಪ್ಪಿಲ್ಲ, ಫಾರ್ಮ್ಯಾಟ್ ಮಾಡಿ ಲಾಭ ಇಲ್ಲ ಎಂದು ಅಲ್ಲಿಯೇ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ಇದನ್ನು ನೋಡದೆ ಫಾರ್ಮ್ಯಾಟ್ ಮಾಡಿ ಜನರ ಫೋಟೊ, ಲೆಕ್ಕಪತ್ರ ಕಳೆಯುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಎರಡನೆಯದು ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಲಿಮಿಟ್ಸ್ ಎಂಬ ಬಟನ್ ಒತ್ತಿದರೆ ಸಣ್ಣ ಕಿಟಕಿ ತೆರೆಯುತ್ತದೆ. ಪ್ರೊಸೆಸರನ್ನು ಈಗ ಯಾವುದು ಹಿಡಿದಿದೆಯೋ ಆ ಚೌಕ ಕೆಂಪಾಗಿರುತ್ತದೆ. ಹಿಂದೆ ಹಿಡಿದು ಈಗ ಬಿಟ್ಟಿದ್ದರೆ ಹಳದಿ. ಯಾವುದು ಕೆಂಪಾಗಿದೆ ಎಂದು ಬರೆಯಿರಿ. ಬೇರೇನನ್ನೂ ಮುಟ್ಟಬೇಡಿ.

ತೀರ್ಥಹಳ್ಳಿ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 3.05

37ನೇ ಎಚ್ಚರಿಕೆ ಒಂದಲ್ಲ, ದಿನಕ್ಕೆ ಎಂಟರಂತೆ ಇದೆ. ಎಂಟು ಅಂದರೆ ಈ ಪ್ರೊಸೆಸರಿನ ಎಂಟು ಥ್ರೆಡ್‌ಗೆ (ಒಟ್ಟಿಗೆ ನಡೆಯುವ ಕೆಲಸದ ಸಾಲಿಗೆ) ಒಂದೊಂದು ಇರಬೇಕು. 71 ಸೆಕೆಂಡಿನಿಂದ ವೇಗ ಇಳಿದಿದೆ ಎಂದು ಬರೆದಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿದ ದಿನದಿಂದಲೇ ಶುರು. ಅದಕ್ಕೂ ಹಿಂದಿನ ಲಾಗ್ ಅಳಿಸಿಹೋಗಿದೆ.

ಥ್ರಾಟಲ್‌ಸ್ಟಾಪ್‌ನಲ್ಲಿ ಕೆಂಪಾಗಿರುವುದು ಒಂದೇ. ‘ಬಿಡಿ ಪ್ರಾಕ್‌ಹಾಟ್’ (BD PROCHOT) ಎಂದಿದೆ.

ಬೋರ್ಡ್ ರಿಪೇರಿ, ಹುಬ್ಬಳ್ಳಿ · ಭಾನುವಾರ, ಮಧ್ಯಾಹ್ನ 3.20

ಸಿಕ್ಕಿತು ಸರ್!

ಪ್ರಾಕ್‌ಹಾಟ್ ಅಂದರೆ ಪ್ರೊಸೆಸರ್ ಕಾದಿದೆ ಎಂಬ ಸೂಚನೆ. ಪ್ರೊಸೆಸರಿನಿಂದ ಬೋರ್ಡಿಗೆ ಹೋಗುವ ಒಂದೇ ಒಂದು ತಂತಿ. ಮೊದಲಿಗೆ ಅದು ಒಂದು ದಿಕ್ಕಿನ ದಾರಿ, ಪ್ರೊಸೆಸರ್ ಬೋರ್ಡಿಗೆ ಹೇಳುವುದು. ಬಿಡಿ ಅಂದರೆ ಎರಡೂ ದಿಕ್ಕು. ಬೋರ್ಡ್ ಕೂಡ ಅದೇ ತಂತಿಯನ್ನು ಎಳೆದು ಪ್ರೊಸೆಸರಿಗೆ ನಿಧಾನ ಹೋಗು ಎಂದು ಹೇಳಬಹುದು. ಪ್ರೊಸೆಸರ್ ಯಾಕೆ ಎಂದು ಕೇಳುವುದಿಲ್ಲ. ತಾನು 44 ಡಿಗ್ರಿಯಲ್ಲಿ ತಣ್ಣಗಿದ್ದರೂ ಸೀದಾ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ.

ಈಗ ಆ ತಂತಿ ಎಳೆಯುತ್ತಿರುವುದು ಯಾರು? ಮೂರ್ನಾಲ್ಕು ಕಡೆ ನೋಡಬೇಕು. ಬೋರ್ಡಿನ ಮೇಲೆ ಪ್ರೊಸೆಸರಿಗೆ ಕರೆಂಟ್ ಕೊಡುವ ಭಾಗ ಕಾದಿರಬಹುದು. ಚಾರ್ಜಿಂಗ್ ಚಿಪ್ಪಿಗೆ ಏನೋ ಸರಿ ಕಾಣದೆ ಇರಬಹುದು. ಬೋರ್ಡಿನ ಶಾಖದ ಸೆನ್ಸರ್ ಸತ್ತು ಸುಳ್ಳು ಸುದ್ದಿ ಕೊಡುತ್ತಿರಬಹುದು. ಬ್ಯಾಟರಿ ಇರಬಹುದು, ಅಡಾಪ್ಟರ್ ಇರಬಹುದು. ನನ್ನ ಟೇಬಲ್ಲಿಗೆ ಬಂದ ಇಂಥ ಮಷೀನುಗಳಲ್ಲಿ ಕೊನೆಯ ಎರಡೇ ಜಾಸ್ತಿ.

ಹಾಗಾಗಿ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿ ನೋಡಿ. ವೇಗ ಏರಿದರೆ ಕಳ್ಳ ಚಾರ್ಜರ್ ದಾರಿಯಲ್ಲಿದ್ದಾನೆ.

ತೀರ್ಥಹಳ್ಳಿ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 3.45

ಸರ್, ಬ್ಯಾಟರಿ ಪೂರ್ತಿ ಖಾಲಿ. ಚಾರ್ಜರ್ ಕಿತ್ತ ತಕ್ಷಣ ಆಫ್ ಆಗುತ್ತದೆ. ಹಾಗಾಗಿ ಈ ಪರೀಕ್ಷೆ ಮಾಡಲು ಆಗಲಿಲ್ಲ.

ಕರಾವಳಿ ಕೋಡರ್ · ಭಾನುವಾರ, ಸಂಜೆ 4.10

ಮೇಷ್ಟ್ರೇ, ಒಂದು ಪ್ರಶ್ನೆ. ಬ್ಯಾಟರಿ ಯಾವಾಗಿನಿಂದ ಚಾರ್ಜ್ ಆಗುತ್ತಿಲ್ಲ? ಮತ್ತೆ, ಆನ್ ಮಾಡುವಾಗ ಪರದೆಯ ಮೇಲೆ ಏನಾದರೂ ಸಾಲು ಬರುತ್ತದಾ?

ತೀರ್ಥಹಳ್ಳಿ ಮೇಷ್ಟ್ರು · ಭಾನುವಾರ, ಸಂಜೆ 5.30

ಮೇಡಂ, ನೀವು ಕೇಳಿದ ಮೇಲೆ ಕೂತು ಯೋಚಿಸಿದೆ.

ಸುಮಾರು ಒಂದು ತಿಂಗಳ ಹಿಂದೆ ಹಳೆಯ ಚಾರ್ಜರಿನ ವೈರನ್ನು ಇಲಿ ಕಡಿದುಹಾಕಿತು. ಪೇಟೆಯಲ್ಲಿ 650 ರೂಪಾಯಿಗೆ ಹೊಸದು ತಂದೆ. ಪಿನ್ ಸರಿಯಾಗಿ ಕೂರುತ್ತದೆ, ಲೈಟ್ ಹತ್ತುತ್ತದೆ. ಬ್ಯಾಟರಿ ಚಾರ್ಜ್ ಆಗದ್ದನ್ನು ಕಂಡು, ಹಳೆಯದಾಯಿತು, ಅದರ ಆಯುಸ್ಸು ಮುಗಿದಿದೆ ಎಂದುಕೊಂಡೆ. ಆನ್ ಮಾಡುವಾಗ ಅಡಾಪ್ಟರ್ ಯಾವ ಬಗೆಯದು ಎಂದು ತಿಳಿಯುತ್ತಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಒಂದು ಕೀ ಒತ್ತಿದರೆ ಮುಂದೆ ಹೋಗುತ್ತದೆ. ದಿನಾ ಒತ್ತಿ ಮುಂದೆ ಹೋಗುತ್ತಿದ್ದೆ. ಇದಕ್ಕೂ ವೇಗಕ್ಕೂ ಸಂಬಂಧ ಇರಬಹುದು ಎಂದು ಹೊಳೆಯಲೇ ಇಲ್ಲ. ಮೊದಲೇ ಬರೆಯಬೇಕಿತ್ತು, ಕ್ಷಮಿಸಿ.

ಬೋರ್ಡ್ ರಿಪೇರಿ, ಹುಬ್ಬಳ್ಳಿ · ಭಾನುವಾರ, ಸಂಜೆ 6.00

ಕ್ಷಮೆ ಯಾಕೆ ಸರ್, ಕರೆಂಟ್ ತರುವ ವಸ್ತುವಿಗೂ ವೇಗಕ್ಕೂ ನಂಟಿದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಅಕ್ಕ ಸರಿಯಾದ ಪ್ರಶ್ನೆ ಕೇಳಿದರು.

ಚಾರ್ಜರಿನ ದುಂಡು ತುದಿಯ ಒಳಗೆ ನೋಡಿ. ನಡುವೆ ಸೂಜಿಯಂಥ ಸಣ್ಣ ಪಿನ್ ಇರುತ್ತದೆ. ಹೊರಗಿನ ಲೋಹ, ಒಳಗಿನ ಲೋಹ ಕರೆಂಟ್ ತರುತ್ತವೆ. ಆ ಸೂಜಿ ಕರೆಂಟ್ ತರುವುದಿಲ್ಲ, ಪರಿಚಯ ಹೇಳುತ್ತದೆ. ನಾನು 65 ವ್ಯಾಟ್‌ನ ಅಡಾಪ್ಟರ್ ಎಂದು ಮಷೀನಿಗೆ ತಿಳಿಸುವುದು ಅದರ ಕೆಲಸ. ಅಗ್ಗದ ಅಡಾಪ್ಟರಿನಲ್ಲಿ ಆ ಪಿನ್ ಹೆಸರಿಗೆ ಮಾತ್ರ ಇರುತ್ತದೆ, ಹಿಂದೆ ಏನೂ ಇರುವುದಿಲ್ಲ. ಒಳ್ಳೆಯ ಅಡಾಪ್ಟರಿನಲ್ಲೂ ವೈರ್ ಮಡಚಿ ಮಡಚಿ ಆ ಸಣ್ಣ ತಂತಿ ಮೊದಲು ತುಂಡಾಗುತ್ತದೆ. ಆಗ ಕರೆಂಟ್ ಬರುತ್ತಲೇ ಇರುತ್ತದೆ, ಪರಿಚಯ ಬರುವುದಿಲ್ಲ.

ಎಷ್ಟು ಹೊರೆ ಎಳೆಯಬಲ್ಲದು ಎಂದು ಗೊತ್ತಿಲ್ಲದ ಎತ್ತಿಗೆ ಯಾರೂ ತುಂಬಿದ ಗಾಡಿ ಕಟ್ಟುವುದಿಲ್ಲ. ಮಷೀನ್ ಕೂಡ ಹಾಗೇ. ಪರಿಚಯ ಇಲ್ಲದ ಅಡಾಪ್ಟರಿನಿಂದ ಎಷ್ಟು ಎಳೆಯಬಹುದು ಎಂದು ತಿಳಿಯದೆ, ಬ್ಯಾಟರಿ ಚಾರ್ಜ್ ಮಾಡುವುದನ್ನು ನಿಲ್ಲಿಸುತ್ತದೆ, ಪ್ರೊಸೆಸರನ್ನು 400ಕ್ಕೆ ಇಳಿಸುತ್ತದೆ. ನಿಮ್ಮ ಬ್ಯಾಟರಿ ಸತ್ತಿಲ್ಲದಿರಬಹುದು. ಅದಕ್ಕೆ ಊಟವೇ ಸಿಕ್ಕಿಲ್ಲ.

ಖಚಿತ ಮಾಡಿಕೊಳ್ಳಲು ಅದೇ ಕಂಪನಿಯ ಲ್ಯಾಪ್‌ಟಾಪ್ ಇರುವವರ ಅಸಲಿ ಚಾರ್ಜರ್ ಹತ್ತು ನಿಮಿಷ ಎರವಲು ತನ್ನಿ. ಹಿಂದೆ 19.5 ವೋಲ್ಟ್, 3.34 ಆಂಪ್ ಎಂದು ಬರೆದಿರಬೇಕು. ಗುಣಿಸಿದರೆ 65 ವ್ಯಾಟ್.

ಪೆಂಗ್ವಿನ್ ಪ್ರೇಮಿ · ಭಾನುವಾರ, ರಾತ್ರಿ 9.15

ಇಷ್ಟೆಲ್ಲಾ ಓಡಾಟ ಯಾಕೆ? ಥ್ರಾಟಲ್‌ಸ್ಟಾಪ್‌ನಲ್ಲಿ ಬಿಡಿ ಪ್ರಾಕ್‌ಹಾಟ್ ಮುಂದಿನ ಗುರುತು ತೆಗೆದರೆ ಆಯಿತಲ್ಲ. ಪ್ರೊಸೆಸರ್ ಆ ತಂತಿಯ ಮಾತು ಕೇಳುವುದನ್ನೇ ನಿಲ್ಲಿಸುತ್ತದೆ. ಲಿನಕ್ಸ್‌ನಲ್ಲಿ ನಾನು ಇದನ್ನೇ ಮಾಡಿದ್ದೇನೆ. ಎಂಎಸ್‌ಆರ್ ಟೂಲ್ಸ್ ಎಂಬ ತಂತ್ರಾಂಶ ಹಾಕಿಕೊಂಡು, ಪ್ರೊಸೆಸರಿನ ಸೆಟ್ಟಿಂಗ್ ಇರುವ 1ಎಫ್‌ಸಿ ಎಂಬ ರಿಜಿಸ್ಟರಿನ ಕೊನೆಯ ಬಿಟ್ ಅನ್ನು ಸೊನ್ನೆ ಮಾಡಿದೆ. ಒಂದು ವರ್ಷದಿಂದ ಚೆನ್ನಾಗಿ ಓಡುತ್ತಿದೆ. ವೇಗ ನೋಡಲು ಟರ್ಬೋಸ್ಟ್ಯಾಟ್ ಇದೆ.

ಬೋರ್ಡ್ ರಿಪೇರಿ, ಹುಬ್ಬಳ್ಳಿ · ಭಾನುವಾರ, ರಾತ್ರಿ 9.50

ನಿಮ್ಮ ದಾರಿ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಮೇಷ್ಟ್ರು ಪರೀಕ್ಷೆಗೆಂದು ಐದು ನಿಮಿಷ ಹಾಗೆ ಮಾಡಿ ನೋಡಲಿ, ತಪ್ಪಿಲ್ಲ. ಮಷೀನ್ ಮತ್ತೆ ಸ್ಟಾರ್ಟ್ ಮಾಡಿದರೆ ಹಳೆಯ ಸ್ಥಿತಿಗೆ ಬರುತ್ತದೆ. ಪ್ರೊಸೆಸರಿನ ಸ್ವಂತ ಶಾಖದ ರಕ್ಷಣೆಯೂ ಹಾಗೇ ಇರುತ್ತದೆ, 100 ಡಿಗ್ರಿ ಮುಟ್ಟಿದರೆ ಅದು ತಾನಾಗಿ ಇಳಿಯುತ್ತದೆ.

ಆದರೆ ಕಾಯಂ ಆಗಿ ಹಾಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಆ ತಂತಿ ಪ್ರೊಸೆಸರಿಗಾಗಿ ಮಾತ್ರ ಇಲ್ಲ. ಬೋರ್ಡಿನ ಉಳಿದ ಭಾಗ, ಅಡಾಪ್ಟರ್, ಬ್ಯಾಟರಿ ಎಲ್ಲವೂ ಕಷ್ಟ ಹೇಳಿಕೊಳ್ಳಲು ಇರುವ ಬಾಯಿ ಅದು. ಮೇಷ್ಟ್ರ ಮನೆಯ 650 ರೂಪಾಯಿಯ ಅಡಾಪ್ಟರ್ ನಿಜಕ್ಕೂ 45 ವ್ಯಾಟ್‌ನದೋ, ಅದಕ್ಕೂ ಕಡಿಮೆಯದೋ ನಮಗೆ ಗೊತ್ತಿಲ್ಲ. ಬಾಯಿ ಮುಚ್ಚಿಸಿ ಪೂರ್ತಿ ಹೊರೆ ಹೇರಿದರೆ ಅದು ಕಾಯುತ್ತದೆ. ಪ್ಲಾಸ್ಟಿಕ್ ಕರಗಿದ ಅಡಾಪ್ಟರ್‌ಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮನೆಯಲ್ಲಿ ಮಕ್ಕಳಿರುತ್ತಾರೆ, ರಾತ್ರಿ ಹಾಸಿಗೆಯ ಮೇಲೆ ಇಟ್ಟು ಮಲಗುತ್ತಾರೆ.

ಸೆನ್ಸರೇ ಸತ್ತಿದೆ, ಬೋರ್ಡಿಗೆ ಬಿಡಿಭಾಗ ಸಿಗುವುದಿಲ್ಲ, ಅಡಾಪ್ಟರ್ ಅಸಲಿ ಎಂದು ಖಾತ್ರಿಯಾದರೆ ಆಗ ನಿಮ್ಮ ದಾರಿ ಹಿಡಿಯಬಹುದು. ಕಾರಣ ಹುಡುಕಿದ ಮೇಲೆ, ಅದಕ್ಕೂ ಮೊದಲಲ್ಲ.

ಪೆಂಗ್ವಿನ್ ಪ್ರೇಮಿ · ಭಾನುವಾರ, ರಾತ್ರಿ 10.20

ಸರಿ ಅಣ್ಣ, ಅಡಾಪ್ಟರ್ ಕೋನದಿಂದ ನಾನು ಯೋಚಿಸಿರಲಿಲ್ಲ. ನನ್ನದರಲ್ಲೂ ಯಾವ ಕಾರಣಕ್ಕೆ ಬಂದಿತ್ತು ಎಂದು ಈ ವಾರ ಕೂತು ನೋಡುತ್ತೇನೆ.

ತೀರ್ಥಹಳ್ಳಿ ಮೇಷ್ಟ್ರು · ಸೋಮವಾರ, ಸಂಜೆ 5.40

ನಮ್ಮ ಶಾಲೆಯ ವಿಜ್ಞಾನದ ಟೀಚರ್ ಹತ್ತಿರ ಅದೇ ಕಂಪನಿಯ ಲ್ಯಾಪ್‌ಟಾಪ್ ಇದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರ ಚಾರ್ಜರ್ ಹಾಕಿದೆ. 65 ವ್ಯಾಟ್‌ನದೇ.

ಆನ್ ಆಗುವಾಗ ಆ ಇಂಗ್ಲಿಷ್ ಸಾಲು ಬರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ 3.21. ಸ್ಟಾಫ್ ರೂಮಿನಲ್ಲಿ ಜೋರಾಗಿಯೇ ಕೂಗಿಬಿಟ್ಟೆ. ಬ್ಯಾಟರಿ 0ಯಿಂದ ಏರಲು ಶುರುವಾಯಿತು. ಅರ್ಧ ಗಂಟೆಯಲ್ಲಿ 31ಕ್ಕೆ ಬಂತು. ಚಾರ್ಜರ್ ಕಿತ್ತರೂ ಓಡಿತು. ಅದು ಸತ್ತಿರಲೇ ಇಲ್ಲ.

ಆಮೇಲೆ ನನ್ನ 650ರ ಚಾರ್ಜರ್ ಮತ್ತೆ ಸಿಕ್ಕಿಸಿ ನೋಡಿದೆ. ತಕ್ಷಣ 0.39. ಕಿತ್ತರೆ 2ರ ಮೇಲೆ. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಹಾಗೇ. 14,500ರ ಬೋರ್ಡ್ ಹಾಕಿಸಿದ್ದರೂ ಇದೇ ಚಾರ್ಜರ್ ಸಿಕ್ಕಿಸುತ್ತಿದ್ದೆ, ಇದೇ 0.39 ನೋಡುತ್ತಿದ್ದೆ. ಅದನ್ನು ನೆನೆದರೆ ಎದೆ ಝಲ್ ಎನ್ನುತ್ತದೆ. ನಿಮಗೆಲ್ಲ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು.

ಒಂದು ಸಂಶಯ ಉಳಿದಿದೆ. ಮಕ್ಕಳ ವಾರ್ಷಿಕೋತ್ಸವದ ವೀಡಿಯೊ ಜೋಡಿಸಲು ಕೊಟ್ಟರೆ ಮೊದಲು 3.2 ಇರುತ್ತದೆ, ಅರ್ಧ ನಿಮಿಷ ಕಳೆದ ಮೇಲೆ 2.4ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಬಿಸಿ 71 ಮಾತ್ರ. ಬಿಲ್ಲಿನಲ್ಲಿ 3.4 ಇದೆ. ಇನ್ನೂ ಏನೋ ಹಿಡಿದಿದೆಯಾ?

ಕರಾವಳಿ ಕೋಡರ್ · ಸೋಮವಾರ, ರಾತ್ರಿ 7.30

ಇದು ನನ್ನ ಮೆಚ್ಚಿನ ವಿಷಯ, ನಾನೇ ಹೇಳುತ್ತೇನೆ. ತುಂಬ ಸಂತೋಷ ಮೇಷ್ಟ್ರೇ!

ಥ್ರಾಟಲ್‌ಸ್ಟಾಪ್‌ನ ಅದೇ ಕಿಟಕಿಯಲ್ಲಿ ಈಗ ಪಿಎಲ್1 ಎಂಬ ಚೌಕ ಕೆಂಪಾಗಿರುತ್ತದೆ ನೋಡಿ. ಇದು ದೋಷ ಅಲ್ಲ. ಪ್ರೊಸೆಸರಿಗೆ ಎರಡು ಶಕ್ತಿ ಮಿತಿ ಇರುತ್ತವೆ. ಪಿಎಲ್1 ದೀರ್ಘಕಾಲದ್ದು, ನಿಮ್ಮದರಲ್ಲಿ 15 ವ್ಯಾಟ್ ಇರಬೇಕು. ಪಿಎಲ್2 ಸ್ವಲ್ಪ ಹೊತ್ತಿನದು, 44 ವ್ಯಾಟ್‌ವರೆಗೂ ಇರಬಹುದು. ಸ್ವಲ್ಪ ಹೊತ್ತು ಅಂದರೆ ಎಷ್ಟು ಎಂದು ಹೇಳಲು ಮೂರನೆಯ ಸಂಖ್ಯೆ, ಸಾಮಾನ್ಯವಾಗಿ 28 ಸೆಕೆಂಡ್. ಪ್ರೊಸೆಸರ್ ತಾನು ಖರ್ಚು ಮಾಡಿದ ಶಕ್ತಿಯ ಚಲಿಸುವ ಸರಾಸರಿ ಇಟ್ಟುಕೊಳ್ಳುತ್ತದೆ. ಆ ಸರಾಸರಿ 15ಕ್ಕೆ ಮುಟ್ಟುವವರೆಗೆ ಜೋರಾಗಿ ಓಡುತ್ತದೆ, ಮುಟ್ಟಿದ ಮೇಲೆ 15ರೊಳಗೆ ಎಷ್ಟು ಓಡಬಹುದೋ ಅಷ್ಟು. ನಿಮ್ಮ ಅರ್ಧ ನಿಮಿಷದ ಲೆಕ್ಕ ಇದೇ.

ಒಂದು ಪುಟ ತೆರೆಯುವುದು, ಒಂದು ಫೈಲ್ ಉಳಿಸುವುದು ಎರಡು ಮೂರು ಸೆಕೆಂಡಿನ ಕೆಲಸ. ಅಲ್ಲಿ ನಿಮಗೆ 3.4 ಪೂರ್ತಿ ಸಿಗುತ್ತದೆ. ವೀಡಿಯೊ ಕೆಲಸ ಹತ್ತು ನಿಮಿಷದ್ದು, ಅಲ್ಲಿ ಸಿಗುವುದಿಲ್ಲ. ಇಂಟೆಲ್ ಖಾತ್ರಿ ಕೊಡುವುದು 15 ವ್ಯಾಟ್‌ಗೆ 1.6. ನಿಮಗೆ 2.4 ಸಿಗುತ್ತಿದೆ, ಅಂದರೆ ಕೊಟ್ಟ ಮಾತಿಗಿಂತ ಜಾಸ್ತಿಯೇ.

ಹಾಗಾದರೆ 3.4ಕ್ಕೆ ಇನ್ನೊಂದು ಐದು ವ್ಯಾಟ್ ಸಾಕಲ್ಲ ಎನಿಸಬಹುದು. ಸಾಲುವುದಿಲ್ಲ. ಶಕ್ತಿ ವೇಗಕ್ಕೆ ಅನುಪಾತದಲ್ಲಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿ ಏರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕು.

ತೀರ್ಥಹಳ್ಳಿ ಮೇಷ್ಟ್ರು · ಸೋಮವಾರ, ರಾತ್ರಿ 8.05

ಈಗ ನನ್ನ ವಿಷಯಕ್ಕೆ ಬಂತು! 2.4ರಿಂದ 3.4 ಅಂದರೆ ವೇಗ 1.42 ಪಟ್ಟು. ಅದಕ್ಕೆ ವೋಲ್ಟೇಜ್ ಶೇ 20 ಜಾಸ್ತಿ ಬೇಕು ಎಂದು ಇಟ್ಟುಕೊಳ್ಳೋಣ. 1.2ರ ವರ್ಗ 1.44. ಎರಡನ್ನೂ ಗುಣಿಸಿದರೆ 2.04. ಅಂದರೆ 15 ವ್ಯಾಟ್ ಇದ್ದದ್ದು 30 ದಾಟುತ್ತದೆ. ವೇಗ ಒಂದೂವರೆ ಪಟ್ಟೂ ಆಗಲಿಲ್ಲ, ಖರ್ಚು ಎರಡು ಪಟ್ಟಾಯಿತು. ಹತ್ತನೇ ತರಗತಿಗೆ ಅನುಪಾತ ಹೇಳಿಕೊಡುವಾಗ ಇದನ್ನೇ ಲೆಕ್ಕವಾಗಿ ಕೊಡುತ್ತೇನೆ. ಮಕ್ಕಳಿಗೆ ಗೊತ್ತಿರುವ ವಸ್ತು, ಚೆನ್ನಾಗಿ ಹಿಡಿಯುತ್ತದೆ.

ಕರಾವಳಿ ಕೋಡರ್ · ಸೋಮವಾರ, ರಾತ್ರಿ 8.20

ಲೆಕ್ಕ ಸರಿಯಾಗಿದೆ ಮೇಷ್ಟ್ರೇ. ಹಿಂದೆ ಇದನ್ನೇ ತಿರುಗಿಸಿ, ವೋಲ್ಟೇಜ್ ಸ್ವಲ್ಪ ಇಳಿಸಿ ಅದೇ 15 ವ್ಯಾಟ್‌ನಲ್ಲಿ ಹೆಚ್ಚು ವೇಗ ಪಡೆಯುತ್ತಿದ್ದೆವು. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಂದ ಮೇಲೆ ಬಯಾಸ್ (ಮಷೀನ್ ಆನ್ ಆಗುವಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್‌ಗಳಲ್ಲಿ ಬಹಳ ಕಡೆ ಆ ದಾರಿ ಮುಚ್ಚಿದರು. ನಿಮ್ಮ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಕಲಬುರಗಿ ಸೈಬರ್ · ಮಂಗಳವಾರ, ಬೆಳಿಗ್ಗೆ 11.00

ಎಲ್ಲರಿಗೂ ನಮಸ್ಕಾರ್ರಿ. ಇದನ್ನೆಲ್ಲ ಓದಿ ನನ್ನ ಅಂಗಡಿಯ ಡೆಸ್ಕ್‌ಟಾಪ್ ಒಂದನ್ನು ಪರೀಕ್ಷೆ ಮಾಡಿದೆ. ಐ5-9400, 2.9 ಬೇಸ್, 4.1 ಟರ್ಬೋ. ಬೆಳಿಗ್ಗೆ ಆನ್ ಮಾಡಿದಾಗ 3.9, ಇಪ್ಪತ್ತು ಸೆಕೆಂಡಿಗೆ 100 ಡಿಗ್ರಿ ಮುಟ್ಟಿ 2.2, ಮತ್ತೆ 2.8, ಮತ್ತೆ 2.1. ಹುಬ್ಬಳ್ಳಿ ಅಣ್ಣ ಬರೆದಂತೆ ಕುಣಿಯುತ್ತದೆ. ಇಲ್ಲಿ ಹೊರಗೆ 42 ಡಿಗ್ರಿ ಬಿಸಿಲು, ಪಕ್ಕದಲ್ಲೇ ಹಿಟ್ಟಿನ ಗಿರಣಿ. ಆದರೆ ಅದೇ ಸಾಲಿನ ಉಳಿದ ಮೂರು ಮಷೀನ್ ಸರಿಯಾಗಿವೆ.

ಬೋರ್ಡ್ ರಿಪೇರಿ, ಹುಬ್ಬಳ್ಳಿ · ಮಂಗಳವಾರ, ಬೆಳಿಗ್ಗೆ 11.25

ಉಳಿದ ಮೂರು ಸರಿಯಾಗಿದ್ದರೆ ಬಿಸಿಲನ್ನು ದೂರುವಂತಿಲ್ಲರಿ. ಇಪ್ಪತ್ತೇ ಸೆಕೆಂಡಿಗೆ 100 ಅಂದರೆ ಧೂಳಿಗಿಂತ ಬೇರೆ ಏನೋ ಇದೆ. ಕೂಲರ್ ಪ್ರೊಸೆಸರಿಗೆ ಸರಿಯಾಗಿ ಅಂಟಿಲ್ಲ. ಡಬ್ಬದ ಜೊತೆ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಅದರಲ್ಲಿ ಒಂದು ಎದ್ದು ಬಂದಿದ್ದರೂ ಕೂಲರ್ ಒಂದು ಕಡೆ ವಾಲುತ್ತದೆ, ನಡುವೆ ಗಾಳಿ ಸೇರುತ್ತದೆ. ಮಷೀನ್ ಆಫ್ ಮಾಡಿ, ಒಂದೊಂದು ಕಾಲನ್ನೂ ಅಲುಗಿಸಿ ನೋಡಿ. ಕೂಲರ್ ಎತ್ತಿದರೆ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಕೂರಿಸುವಾಗ ಎದುರುಬದುರು ಮೂಲೆಯ ಜೋಡಿಯನ್ನು ಒಟ್ಟಿಗೆ ಒತ್ತಿ, ಟಕ್ ಎನ್ನಬೇಕು. ಆಮೇಲೆ ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ತುದಿ ಪೂರ್ತಿ ಹೊರಬಂದಿವೆಯಾ ಎಂದು ಕಣ್ಣಾರೆ ನೋಡಿ.

ಕಲಬುರಗಿ ಸೈಬರ್ · ಮಂಗಳವಾರ, ಸಂಜೆ 4.30

ಒಂದು ಕಾಲು ಎದ್ದಿತ್ತು. ಹೋದ ತಿಂಗಳು ಹುಡುಗ ಫ್ಯಾನ್ ಒರೆಸುವಾಗ ತಿರುಗಿಸಿರಬೇಕು. ಈಗ 3.9ರಲ್ಲೇ ನಿಂತಿದೆ, 74 ಡಿಗ್ರಿ. ಖರ್ಚು ಪೇಸ್ಟಿನದು ಮಾತ್ರ.

ತೀರ್ಥಹಳ್ಳಿ ಮೇಷ್ಟ್ರು · ಮುಂದಿನ ಶನಿವಾರ, ಸಂಜೆ 7.10

ಬೆಂಗಳೂರಿನ ಎಸ್‌.ಪಿ. ರೋಡಿನಿಂದ ತಮ್ಮನ ಮಗ ಅಸಲಿ ಅಡಾಪ್ಟರ್ ತಂದುಕೊಟ್ಟ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ತನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಬಯಾಸ್ ಒಳಗೆ ಹೋಗಿ, ಅಡಾಪ್ಟರ್ 65 ವ್ಯಾಟ್ ಎಂದು ತೋರಿಸುತ್ತದೆ ಎಂದು ಖಾತ್ರಿ ಮಾಡಿಕೊಂಡ. ಅವನದೂ ಅದೇ ಕಂಪನಿಯದು. ಹೀಗೆ ನೋಡಬಹುದು ಎಂದು ನನಗೆ ಗೊತ್ತಿರಲಿಲ್ಲ, ಬೇರೆಯವರಿಗೂ ಉಪಯೋಗವಾದೀತು ಎಂದು ಬರೆದಿದ್ದೇನೆ. 37ನೇ ಎಚ್ಚರಿಕೆ ಐದು ದಿನದಿಂದ ಒಂದೂ ಇಲ್ಲ. ವೈರನ್ನು ಈಗ ಕೆಲಸ ಮುಗಿದ ಮೇಲೆ ಸುತ್ತಿ ಗೋಡೆಯ ಮೊಳೆಗೆ ನೇತುಹಾಕುತ್ತೇನೆ, ಇಲಿಗೆ ಸಿಗಬಾರದು.

ಹಾಸನದ ಹುಡುಗಿ · ಭಾನುವಾರ, ಬೆಳಿಗ್ಗೆ 9.20

ನಾನು ಬಿಸಿಎ ಎರಡನೇ ವರ್ಷ. ನನ್ನ ಲ್ಯಾಪ್‌ಟಾಪ್ ನಿನ್ನೆಯಿಂದ 0.79ರಲ್ಲಿ ನಿಂತಿದೆ. ಬುಧವಾರ ಪ್ರಾಜೆಕ್ಟ್ ತೋರಿಸಬೇಕು. ಯಾರಾದರೂ ಸಹಾಯ ಮಾಡುತ್ತೀರಾ?

ತೀರ್ಥಹಳ್ಳಿ ಮೇಷ್ಟ್ರು · ಭಾನುವಾರ, ಬೆಳಿಗ್ಗೆ 9.28

ಹೆದರಬೇಡಮ್ಮ. ಮೊದಲು ಪ್ರಾಜೆಕ್ಟನ್ನು ಪೆನ್‌ಡ್ರೈವ್‌ಗೆ ಹಾಕಿಕೊ. ಆಮೇಲೆ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ವೇಗ ಎಷ್ಟಿದೆ ನೋಡಿ ಹೇಳು. ಬಿಸಿ ಎಷ್ಟು ಡಿಗ್ರಿ, ಆನ್ ಮಾಡುವಾಗ ಪರದೆಯ ಮೇಲೆ ಯಾವ ಸಾಲು ಬರುತ್ತದೆ, ಅದನ್ನೂ ಬರೆ. ಸಾಲು ಸಣ್ಣದಿದ್ದರೂ ಬಿಡಬೇಡ.

ಹಾಸನದ ಹುಡುಗಿ · ಭಾನುವಾರ, ಬೆಳಿಗ್ಗೆ 9.46

ಸರ್, ಕಿತ್ತ ಕೂಡಲೇ 2.9 ಆಯಿತು! ಚಾರ್ಜರ್ ಹಾಸ್ಟೆಲ್ ರೂಂಮೇಟ್‌ದು, ಹಿಂದೆ 45 ವ್ಯಾಟ್ ಎಂದಿದೆ. ನನ್ನದು ಮನೆಯಲ್ಲೇ ಮರೆತು ಬಂದಿದ್ದೇನೆ. ಅಪ್ಪನಿಗೆ ಬಸ್ಸಿನಲ್ಲಿ ಕಳಿಸಲು ಈಗಲೇ ಫೋನ್ ಮಾಡುತ್ತೇನೆ.